ಲೋಳೆಸರ ಜೆಲ್ ಬೂಷ್ಟು ಹಿಡಿಯದಂತೆ ತಯಾರಿಸುವುದು ಹೇಗೆ, ಸೋಂಕಾದರೆ ಚಿಕಿತ್ಸೆಗೆ ಎಲ್ಲಿಗೆ ಹೋಗಬೇಕು: ಸ್ವಸಹಾಯ ಸಂಘಗಳಿಗೆ ಸಮಗ್ರ ಮಾರ್ಗದರ್ಶಿ

ಜೆಲ್ ಮಾಡಿ ಹತ್ತು ಹದಿನೈದು ದಿನವಾಗುವಷ್ಟರಲ್ಲಿ ನೀರಾಯಿತು, ಹುಳಿ ವಾಸನೆ ಬಂತು, ಮುಚ್ಚಳದ ಒಳಗೆ ಕಪ್ಪು ಚುಕ್ಕೆ ಕಾಣಿಸಿತು. ಲೋಳೆಸರ ಜೆಲ್ ಮಾಡುವ ಸಂಘಗಳಿಂದ ಪದೇ ಪದೇ ಬರುವ ದೂರು ಇದೇ. ವಿಟಮಿನ್ ಇ ಹಾಕಿದ್ದೆವು, ಫ್ರಿಜ್ಜಿನಲ್ಲಿಟ್ಟಿದ್ದೆವು, ಆದರೂ ಕೆಟ್ಟಿತು ಎನ್ನುತ್ತಾರೆ. ವಿಚಾರಿಸಿ ನೋಡಿದರೆ ನಾಲ್ಕು ಕಡೆ ಎಡವಿರುತ್ತಾರೆ: ನೀರು, ಪ್ರಿಸರ್ವೇಟಿವ್ (ಕೆಡದಂತೆ ಕಾಯುವ ವಸ್ತು), ಪಿಎಚ್ (ಹುಳಿಯ ಅಳತೆ, ಅಂಕ ಇಳಿದಷ್ಟೂ ಹುಳಿ ಹೆಚ್ಚು), ತುಂಬುವ ಹೊತ್ತು. ಈ ನಾಲ್ಕರಲ್ಲಿ ಒಂದು ತಪ್ಪಿದರೂ ಉಳಿದ ಮೂರರ ಶ್ರಮ ವ್ಯರ್ಥ.

ಸಂಘದ ಜೆಲ್ ಕೊಳ್ಳುವವರು ಹೆಚ್ಚಾಗಿ ಅಕ್ಕಪಕ್ಕದ ಮನೆಯವರು, ಕೂಲಿಗೆ ಹೋಗುವವರು, ಬಾಣಂತಿಯರು. ಕೆಟ್ಟ ಜೆಲ್ಲಿನಿಂದ ಕಣ್ಣಿಗೋ ಗಾಯಕ್ಕೋ ಸೋಂಕಾದರೆ ಅವರು ಮೊದಲು ಕಳೆದುಕೊಳ್ಳುವುದು ಆ ದಿನದ ಕೂಲಿ, ಆಮೇಲೆ ಬಸ್ ಚಾರ್ಜು, ಆಮೇಲೆ ಔಷಧಿಯ ಹಣ. ಆದ್ದರಿಂದ ನೀರಿರುವ ವಸ್ತುವಿಗೆ "ಪ್ರಿಸರ್ವೇಟಿವ್ ಇಲ್ಲ" ಎಂದು ಲೇಬಲ್ ಅಂಟಿಸಿ ಮಾರುವುದನ್ನು ಈ ಮಾರ್ಗದರ್ಶಿ ಒಪ್ಪುವುದಿಲ್ಲ. ಮೊದಲ ಒಂಬತ್ತು ಹಂತಗಳು ತಯಾರಿಕೆಗೆ ಸಂಬಂಧಿಸಿದವು. ಕೊನೆಯ ಎರಡು ಸೋಂಕು ಮತ್ತು ಆಸ್ಪತ್ರೆಗೆ ಸಂಬಂಧಿಸಿದವು. ಜೆಲ್ ಮಾರುವ ಪ್ರತಿಯೊಬ್ಬರಿಗೂ ಈ ಎರಡೂ ತಿಳಿದಿರಬೇಕು.

## ಹಂತ 1: ಯಾವುದನ್ನು ಮಾಡಬೇಕು, ಯಾವುದನ್ನು ಬಿಡಬೇಕು

ಸೂಕ್ಷ್ಮಜೀವಿ ಬೆಳೆಯಲು ನೀರು ಬೇಕೇ ಬೇಕು. ಕೊಬ್ಬರಿ ಎಣ್ಣೆ ಮತ್ತು ಜೇನುಮೇಣದ ತುಟಿ ಮುಲಾಮಿನಲ್ಲಿ ನೀರಿಲ್ಲ, ಹಾಗಾಗಿ ಅದರಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ಒದ್ದೆ ಬೆರಳು ಅದ್ದದಿದ್ದರೆ ಸಾಕು. ಕಾಸ್ಟಿಕ್ ಸೋಡಾದಿಂದ ಮಾಡಿದ ಗಟ್ಟಿ ಸಾಬೂನಿನ ಕ್ಷಾರವೇ ಅದಕ್ಕೆ ರಕ್ಷಣೆ. ಸಂಘ ಹೊಸದಾಗಿದ್ದರೆ ಇವೆರಡರಿಂದ ಶುರು ಮಾಡುವುದು ಒಳ್ಳೆಯದು.

ಜೆಲ್, ಲೋಷನ್, ಕ್ರೀಮು, ಶಾಂಪೂ, ರೋಸ್ ವಾಟರ್ ಎಲ್ಲವೂ ನೀರಿನ ವಸ್ತುಗಳು. ಪ್ರಿಸರ್ವೇಟಿವ್ ಇಲ್ಲದೆ ಇವು ನಿಲ್ಲುವುದಿಲ್ಲ. ಅನುಕೂಲಕರ ವಾತಾವರಣದಲ್ಲಿ ಒಂದು ಬ್ಯಾಕ್ಟೀರಿಯಾ ಅರ್ಧ ಗಂಟೆಗೊಮ್ಮೆ ಎರಡಾಗುತ್ತದೆ ಎಂದಿಟ್ಟುಕೊಂಡರೂ ಹತ್ತು ಗಂಟೆಯಲ್ಲಿ ಒಂದಿದ್ದದ್ದು ಹತ್ತು ಲಕ್ಷ ದಾಟುತ್ತದೆ. ಅಷ್ಟಾದರೂ ಬಣ್ಣ, ವಾಸನೆ ಬದಲಾಗದೇ ಇರಬಹುದು. "ನೋಡಲು ಚೆನ್ನಾಗಿದೆ" ಎಂಬ ಮಾತನ್ನು ನಂಬಬೇಡಿ.

ಕಾಡಿಗೆ, ಕಣ್ಣಿನ ಸುತ್ತ ಹಚ್ಚುವ ಕ್ರೀಮು, ಮಕ್ಕಳ ಲೋಷನ್ ಇವುಗಳಿಗೆ ಕೈ ಹಾಕಲೇಬೇಡಿ. ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 17516ರ ಪ್ರಕಾರ ಸಾಮಾನ್ಯ ಸೌಂದರ್ಯವರ್ಧಕದಲ್ಲಿ ಒಂದು ಗ್ರಾಮಿಗೆ 1000 ಜೀವಾಣುಗಳವರೆಗೆ ಇರಬಹುದು. ಕಣ್ಣಿನ ಭಾಗಕ್ಕೆ ಮತ್ತು ಮೂರು ವರ್ಷದೊಳಗಿನ ಮಕ್ಕಳಿಗೆ ಬಳಸುವ ವಸ್ತುವಿನಲ್ಲಿ 100 ಮಾತ್ರ. ಅಡುಗೆಮನೆಯಲ್ಲಿ ಆ ಮಟ್ಟವನ್ನು ಪ್ರತಿ ಬ್ಯಾಚಿನಲ್ಲೂ ಹಿಡಿಯುವುದು ಆಗದ ಮಾತು.

ಇನ್ನು ತಾಜಾ ಲೋಳೆಸರದ ತಿರುಳು. ಮಣ್ಣಿನ ಬ್ಯಾಕ್ಟೀರಿಯಾ, ಬೂಷ್ಟಿನ ಬೀಜಾಣು, ಸಕ್ಕರೆಯಂಶ ಎಲ್ಲವೂ ಅದರಲ್ಲಿರುತ್ತವೆ. ಕುದಿಸಿದರೂ ಕೆಲವು ಬೀಜಾಣುಗಳು ಉಳಿಯುತ್ತವೆ. ಮನೆ ಬಳಕೆಗಾದರೆ ಎಲೆ ಕೊಯ್ದು, ಹಳದಿ ರಸ ಸೋರಿಹೋಗಲು ಹತ್ತು ಹದಿನೈದು ನಿಮಿಷ ನೆಟ್ಟಗೆ ನಿಲ್ಲಿಸಿ, ತಿರುಳು ತೆಗೆದು ಹಚ್ಚಿಕೊಳ್ಳಿ. ಉಳಿದದ್ದನ್ನು ಅಂದೇ ಎಸೆಯಿರಿ. ಮಾರಾಟದ ಜೆಲ್ಲಿಗೆ ಒಣಗಿಸಿದ ಅಲೋವೆರಾ ಪುಡಿಯನ್ನೇ ಬಳಸಿ. 200 ಪಟ್ಟು ಸಾಂದ್ರವಾದ ಪುಡಿ ಸಿಗುತ್ತದೆ. ಅದರ 5 ಗ್ರಾಂ ಒಂದು ಲೀಟರ್ ರಸಕ್ಕೆ ಸಮ.

## ಹಂತ 2: ಬೇಕಾಗುವ ಸಾಮಾನು

- ಎರಡು ತೂಕದ ಯಂತ್ರ: 3 ಕೆಜಿವರೆಗೆ ತೂಗುವ ಒಂದು, 0.01 ಗ್ರಾಂ ತೋರಿಸುವ ಚಿಕ್ಕದು ಒಂದು
- ಪಿಎಚ್ ಮೀಟರ್, ಜೊತೆಗೆ ಮೀಟರನ್ನು ಸರಿಹೊಂದಿಸಲು 4 ಮತ್ತು 7ರ ಬಫರ್ ದ್ರಾವಣ (ಪಿಎಚ್ ಮೊದಲೇ ಗೊತ್ತಿರುವ ದ್ರವ). ಸಾಧ್ಯವಾಗದಿದ್ದರೆ 4ರಿಂದ 7ರವರೆಗೆ ಸಣ್ಣ ಅಂತರದಲ್ಲಿ ತೋರಿಸುವ ಪಿಎಚ್ ಪಟ್ಟಿ
- ಥರ್ಮಾಮೀಟರ್, ಹ್ಯಾಂಡ್ ಬ್ಲೆಂಡರ್, ಸ್ಟೀಲ್ ಪಾತ್ರೆ, ಸ್ಟೀಲ್ ಚಮಚ, ಗಾಜಿನ ಬೀಕರ್
- ಪ್ರೆಶರ್ ಕುಕ್ಕರ್
- ಐಸೊಪ್ರೊಪೈಲ್ ಆಲ್ಕೋಹಾಲ್, ಸ್ಪ್ರೇ ಬಾಟಲಿ, ನೈಟ್ರೈಲ್ ಕೈಗವಸು, ತಲೆಗೆ ಟೋಪಿ, ಮಾಸ್ಕ್
- ಪಂಪು ಇರುವ ಹೊಸ ಬಾಟಲಿ ಅಥವಾ ಟ್ಯೂಬು
- ಬ್ಯಾಚ್ ಬರೆಯಲು ಒಂದು ನೋಟ್‌ಬುಕ್

ಚಮಚದ ಲೆಕ್ಕ ಬೇಡವೇ ಬೇಡ. ತಲೆ ಸವರಿದ ಚಮಚಕ್ಕೂ ಗೋಪುರವಾದ ಚಮಚಕ್ಕೂ ಒಂದಕ್ಕೆರಡು ವ್ಯತ್ಯಾಸ ಬರುತ್ತದೆ. ಪ್ರಿಸರ್ವೇಟಿವ್ ಅರ್ಧವಾದರೆ ಜೆಲ್ ಕೆಡುತ್ತದೆ, ಎರಡರಷ್ಟಾದರೆ ಚರ್ಮ ಉರಿಯುತ್ತದೆ. ಹಣ ಸಾಲದಿದ್ದರೆ ಬೇರೆ ಏನನ್ನಾದರೂ ಬಿಡಿ, ಚಿಕ್ಕ ತೂಕದ ಯಂತ್ರವನ್ನು ಬಿಡಬೇಡಿ.

## ಹಂತ 3: ಜಾಗ, ಪಾತ್ರೆ, ಕೈ

ಫ್ಯಾನು ನಿಲ್ಲಿಸಿ, ಕಿಟಕಿ ಮುಚ್ಚಿ. ಅಂದು ಆ ಕೋಣೆಯಲ್ಲಿ ಹಿಟ್ಟು ಜರಡಿ ಹಿಡಿಯುವುದು, ಕಸ ಗುಡಿಸುವುದು ಬೇಡ. ಧೂಳು ಎದ್ದರೆ ಬೂಷ್ಟಿನ ಬೀಜಾಣುವೂ ಎದ್ದಂತೆ. ಕೈಯಲ್ಲಿ ಕೀವಿನ ಕುರು, ಗಾಯ, ಉಗುರುಸುತ್ತು ಇರುವವರು ಅಂದು ಲೇಬಲ್ ಕೆಲಸ ನೋಡಿಕೊಳ್ಳಲಿ. ಕೀವು ತರುವ ಸ್ಟ್ಯಾಫಿಲೋಕಾಕಸ್ ಬ್ಯಾಕ್ಟೀರಿಯಾ ಇಂಥ ಕೈಗಳಿಂದ ಜೆಲ್ಲಿಗೆ ಸುಲಭವಾಗಿ ಸೇರುತ್ತದೆ.

ಸ್ಟೀಲ್ ಚಮಚ, ಗಾಜಿನ ಬೀಕರ್‌ಗಳನ್ನು ಸೋಪಿನಲ್ಲಿ ಉಜ್ಜಿ ತೊಳೆದು, ಬಟ್ಟೆಯಲ್ಲಿ ಸುತ್ತಿ, ಕುಕ್ಕರಿನೊಳಗೆ ನೀರಿಗೆ ತಾಗದಂತೆ ಸ್ಟ್ಯಾಂಡಿನ ಮೇಲಿಡಿ. ಮೊದಲ ವಿಷಲ್ ಬಂದ ಮೇಲೆ ಉರಿ ತಗ್ಗಿಸಿ 20 ನಿಮಿಷ ಬಿಡಿ. ತಾನಾಗಿ ತಣಿಯುವವರೆಗೆ ಮುಚ್ಚಳ ತೆಗೆಯಬೇಡಿ.

ಪ್ಲಾಸ್ಟಿಕ್ ಬಾಟಲಿ, ಪಂಪು, ಬ್ಲೆಂಡರಿನ ಕಾಲು ಕುಕ್ಕರಿಗೆ ಆಗುವುದಿಲ್ಲ. ಪೆಟ್ ಬಾಟಲಿ ಕುದಿವ ನೀರಿಗೆ ಮುದುಡುತ್ತದೆ. ಇವುಗಳಿಗೆ ಶೇ. 70ರ ಐಸೊಪ್ರೊಪೈಲ್ ಆಲ್ಕೋಹಾಲ್ ಬಳಸಿ. ಅಂಗಡಿಯಲ್ಲಿ ಸಿಗುವ ಶೇ. 99ರದ್ದನ್ನು 70 ಮಿಲೀ ಅಳೆದು, ಡಿಸ್ಟಿಲ್ಡ್ ವಾಟರ್ ಸೇರಿಸಿ 100 ಮಿಲೀ ಮಾಡಿಕೊಳ್ಳಿ. ಹೆಚ್ಚು ಗಾಢವಾದದ್ದೇ ಹೆಚ್ಚು ಕೊಲ್ಲುತ್ತದೆ ಎಂಬುದು ತಪ್ಪು ತಿಳಿವಳಿಕೆ. ನೀರಿನಂಶವಿದ್ದರೇ ಆಲ್ಕೋಹಾಲ್ ಜೀವಕೋಶದೊಳಗೆ ಸರಿಯಾಗಿ ಇಳಿಯುವುದು, ಜೊತೆಗೆ ಬೇಗ ಆರಿಹೋಗುವುದೂ ಇಲ್ಲ. ಸಿಂಪಡಿಸಿ, ಒಳಗೆಲ್ಲ ಕುಲುಕಿ, ಒರೆಸದೆ ಬೋರಲು ಹಾಕಿ ತಾನಾಗಿ ಒಣಗಲು ಬಿಡಿ. ಬಟ್ಟೆಯಲ್ಲಿ ಒರೆಸಿದರೆ ಸತ್ತ ಜಾಗಕ್ಕೆ ಹೊಸ ಜೀವಾಣು ತಂದು ಹಚ್ಚಿದಂತಾಗುತ್ತದೆ.

ಎಚ್ಚರಿಕೆ: ಈ ದ್ರವಕ್ಕೆ ಥಟ್ಟನೆ ಬೆಂಕಿ ಹತ್ತಿಕೊಳ್ಳುತ್ತದೆ. ಗ್ಯಾಸ್ ಒಲೆ, ದೇವರ ದೀಪ, ಊದುಬತ್ತಿ ಇರುವ ಕೋಣೆಯಲ್ಲಿ ಸಿಂಪಡಿಸಬೇಡಿ.

## ಹಂತ 4: ನೀರು

ಬೋರ್‌ವೆಲ್ ನೀರು, ನಲ್ಲಿ ನೀರು, ಆರ್‌ಒ ಫಿಲ್ಟರ್ ನೀರು ಮೂರೂ ಬೇಡ. ಫಿಲ್ಟರ್ ನೀರು ಕುಡಿಯಲು ಸರಿ, ಆದರೆ ಅದರ ತೊಟ್ಟಿಯ ಒಳಮೈ ಮತ್ತು ನಲ್ಲಿಯ ಬಾಯಲ್ಲಿ ಜೀವಾಣುಗಳ ಲೋಳೆಪದರ ಕಟ್ಟಿರುತ್ತದೆ. ಸೂಡೊಮೊನಾಸ್, ಬರ್ಖೋಲ್ಡೇರಿಯಾ ಎಂಬ ಬ್ಯಾಕ್ಟೀರಿಯಾಗಳು ಇಂಥ ತೇವದಲ್ಲೇ ನೆಲೆಸುವಂಥವು. ಆಹಾರ ಇಲ್ಲವೆಂಬಷ್ಟು ಶುದ್ಧ ನೀರಿನಲ್ಲೂ ಬದುಕುತ್ತವೆ, ಕೆಲವು ಪ್ರಿಸರ್ವೇಟಿವ್‌ಗಳನ್ನೂ ತಡೆದುಕೊಳ್ಳುತ್ತವೆ. ಕಾರ್ಖಾನೆಗಳು ಕೂಡ ಇವುಗಳಿಂದಾಗಿ ಮಾಲು ವಾಪಸ್ ಪಡೆದದ್ದುಂಟು.

ಸೀಲ್ ಒಡೆಯದ ಡಿಸ್ಟಿಲ್ಡ್ ವಾಟರ್ ಕ್ಯಾನ್ ತಂದು, ಬೇಕಾದಷ್ಟನ್ನು ಮುಚ್ಚಿದ ಸ್ಟೀಲ್ ಪಾತ್ರೆಯಲ್ಲಿ 20 ನಿಮಿಷ ಚೆನ್ನಾಗಿ ಕುದಿಸಿ, ಮುಚ್ಚಿಟ್ಟೇ ತಣಿಸಿ. ಆವಿಯಾಗಿ ಹೋಗುವ ಲೆಕ್ಕಕ್ಕೆ ಕಾಲು ಲೀಟರ್ ಹೆಚ್ಚೇ ಇಡಿ, ತೂಕ ಮಾಡುವುದು ಕುದಿಸಿದ ಮೇಲೆ. ಹೋದ ತಿಂಗಳು ತೆರೆದಿಟ್ಟ ಕ್ಯಾನನ್ನು ಇನ್ವರ್ಟರ್ ಬ್ಯಾಟರಿಗೆ ಹಾಕಿ.

## ಹಂತ 5: ಅಳತೆ ಮತ್ತು ಕಲಸುವ ಕ್ರಮ

ಒಂದು ಕೆಜಿ ಜೆಲ್ಲಿಗೆ ಬೇಕಾದದ್ದು:

- ಕುದಿಸಿ ತಣಿಸಿದ ಡಿಸ್ಟಿಲ್ಡ್ ವಾಟರ್: ಮೊದಲಿಗೆ 905 ಗ್ರಾಂ
- ಗ್ಲಿಸರಿನ್: 40 ಗ್ರಾಂ
- ಝಾಂಥನ್ ಗಮ್ (ಜೆಲ್ ಗಟ್ಟಿಯಾಗಿಸುವ ಪುಡಿ): 10 ಗ್ರಾಂ
- ಅಲೋವೆರಾ ಪುಡಿ, 200 ಪಟ್ಟಿನದು: 5 ಗ್ರಾಂ
- ಡೈಸೋಡಿಯಂ ಇಡಿಟಿಎ: 1 ಗ್ರಾಂ
- ಸೋಡಿಯಂ ಬೆಂಜೊಯೇಟ್: 5 ಗ್ರಾಂ
- ಪೊಟ್ಯಾಸಿಯಂ ಸಾರ್ಬೇಟ್: 3 ಗ್ರಾಂ
- ಫಿನಾಕ್ಸಿಎಥೆನಾಲ್: 8 ಗ್ರಾಂ
- ಸಿಟ್ರಿಕ್ ಆ್ಯಸಿಡ್ ದ್ರಾವಣ: 20 ಗ್ರಾಂ ಆ್ಯಸಿಡ್ಡನ್ನು 80 ಗ್ರಾಂ ಅದೇ ನೀರಿನಲ್ಲಿ ಕರಗಿಸಿದ್ದು. ಇದರಲ್ಲಿ ಬೇಕಾಗುವುದು ಸುಮಾರು 8ರಿಂದ 15 ಗ್ರಾಂ

ಮೂರು ಪ್ರಿಸರ್ವೇಟಿವ್ ಏಕೆ? ಫಿನಾಕ್ಸಿಎಥೆನಾಲ್ ಬ್ಯಾಕ್ಟೀರಿಯಾವನ್ನು ಚೆನ್ನಾಗಿ ತಡೆಯುತ್ತದೆ, ಬೂಷ್ಟಿನ ಮುಂದೆ ಸೋಲುತ್ತದೆ. ಸಾರ್ಬೇಟ್, ಬೆಂಜೊಯೇಟ್ ಬೂಷ್ಟು ಮತ್ತು ಯೀಸ್ಟಿಗೆ. ಇಡಿಟಿಎ ಸ್ವತಃ ಪ್ರಿಸರ್ವೇಟಿವ್ ಅಲ್ಲ. ಸೂಡೊಮೊನಾಸ್‌ನಂಥವುಗಳ ಹೊರಕವಚವನ್ನು ಸಡಿಲಗೊಳಿಸಿ ಉಳಿದವು ಒಳಹೋಗಲು ದಾರಿ ಮಾಡುತ್ತದೆ. ಫಿನಾಕ್ಸಿಎಥೆನಾಲ್ ಶೇ. 1ನ್ನು ಮೀರಬಾರದು, ಅಂದರೆ ಕೆಜಿಗೆ 10 ಗ್ರಾಂ. "ಇನ್ನೆರಡು ತಿಂಗಳು ಬರಲಿ" ಎಂದು ಹೆಚ್ಚು ಹಾಕಬೇಡಿ.

ಕ್ರಮ ಹೀಗಿರಲಿ:

1. ನೀರು 40–45 ಡಿಗ್ರಿಯಲ್ಲಿರುವಾಗ ಇಡಿಟಿಎ ಕರಗಿಸಿ. ಇದು ನಿಧಾನ, ಪೂರ್ತಿ ತಿಳಿಯಾಗುವವರೆಗೆ ಕಾಯಿರಿ.
2. ಸೋಡಿಯಂ ಬೆಂಜೊಯೇಟ್, ಆಮೇಲೆ ಪೊಟ್ಯಾಸಿಯಂ ಸಾರ್ಬೇಟ್ ಕರಗಿಸಿ. ಆ್ಯಸಿಡ್ ಇನ್ನೂ ಹತ್ತಿರ ಬರಬಾರದು.
3. ಬೇರೆ ಬಟ್ಟಲಲ್ಲಿ ಗ್ಲಿಸರಿನ್‌ಗೆ ಝಾಂಥನ್ ಗಮ್ ಹಾಕಿ ದೋಸೆಹಿಟ್ಟಿನ ಹದಕ್ಕೆ ಕಲಸಿ. ಗಮ್ಮನ್ನು ನೇರ ನೀರಿಗೆ ಸುರಿದರೆ ಮೀನಿನ ಕಣ್ಣಿನಂಥ ಗಂಟುಗಳಾಗುತ್ತವೆ. ಆ ಗಂಟಿನ ಒಳಗಿನ ಒಣ ಪುಡಿಗೆ ಪ್ರಿಸರ್ವೇಟಿವ್ ತಲುಪುವುದೇ ಇಲ್ಲ.
4. ಈ ಮಿಶ್ರಣವನ್ನು ನೀರಿಗೆ ಸ್ವಲ್ಪ ಸ್ವಲ್ಪವಾಗಿ ಬಿಡುತ್ತಾ ಬ್ಲೆಂಡರ್ ಓಡಿಸಿ. ಬ್ಲೆಂಡರಿನ ತಲೆ ಮೇಲೆ ಬಂದರೆ ಗಾಳಿ ಸೇರುತ್ತದೆ, ತಳದಲ್ಲೇ ಇರಲಿ. ಮುಚ್ಚಿ ಅರ್ಧ ಗಂಟೆ ಬಿಡಿ.
5. 40 ಡಿಗ್ರಿಗಿಂತ ಕೆಳಗಿಳಿದ ಮೇಲೆ ಅಲೋವೆರಾ ಪುಡಿ, ಕೊನೆಗೆ ಫಿನಾಕ್ಸಿಎಥೆನಾಲ್. ಇದು ನೀರಿಗಿಂತ ಭಾರ. ಸರಿಯಾಗಿ ತಿರುವದಿದ್ದರೆ ಎಣ್ಣೆಯ ಹನಿಯಂತೆ ತಳ ಸೇರುತ್ತದೆ. ಮೇಲಿನ ಬಾಟಲಿಗಳಿಗೆ ರಕ್ಷಣೆ ಇಲ್ಲ, ತಳದ ಬಾಟಲಿ ಹಚ್ಚಿಕೊಂಡವರಿಗೆ ಉರಿ. ತಳ ಮುಟ್ಟುವಂತೆ ಐದು ನಿಮಿಷ ತಿರುವಿ.

ಸಾಮಾನ್ಯ ತಪ್ಪುಗಳು. ಝಾಂಥನ್ ಬದಲು ಕಾರ್ಬೊಮರ್ ಬಳಸುವವರಿದ್ದಾರೆ. ಅದರ ಜೆಲ್ ಕನ್ನಡಿಯಂತೆ ತಿಳಿಯಾಗಿರುತ್ತದೆ ನಿಜ. ಆದರೆ ಬೆಂಜೊಯೇಟಿನಂಥ ಲವಣ ಬಿದ್ದರೆ ಒಡೆಯುತ್ತದೆ, ಪಿಎಚ್ ಇಳಿಸಿದರೆ ನೀರಾಗುತ್ತದೆ. ಗಟ್ಟಿ ಉಳಿಯಲೆಂದು ಪಿಎಚ್ 6ರ ಮೇಲಿಟ್ಟರೆ ಬೆಂಜೊಯೇಟ್ ಕೆಲಸ ಮಾಡುವುದಿಲ್ಲ. ಈ ಪ್ರಿಸರ್ವೇಟಿವ್‌ಗಳ ಜೊತೆ ಅದನ್ನು ಹೊಂದಿಸಲಾಗದು.

ವಿಟಮಿನ್ ಇ ಎಣ್ಣೆ ಕಮಟಾಗುವುದನ್ನು ನಿಧಾನಿಸುತ್ತದೆ ಅಷ್ಟೆ, ಬ್ಯಾಕ್ಟೀರಿಯಾಗೆ ಏನೂ ಮಾಡದು. ಬೇವಿನ ಎಣ್ಣೆ, ಅರಿಸಿನ, ಟೀ ಟ್ರೀ ಎಣ್ಣೆಗಳನ್ನು ಚರ್ಮ ತಡೆಯುವ ಪ್ರಮಾಣದಲ್ಲಿ ಹಾಕಿದರೆ ಜೆಲ್ ಉಳಿಯುವುದಿಲ್ಲ. ಜೆಲ್ ಉಳಿಯುವಷ್ಟು ಹಾಕಿದರೆ ಚರ್ಮ ತಡೆಯುವುದಿಲ್ಲ. ಅಕ್ಕಿ ತೊಳೆದ ನೀರು, ಗುಲಾಬಿ ಪಕಳೆ, ಕೇಸರಿ ಎಳೆ ಸೇರಿಸುವುದು ಜೀವಾಣುಗಳಿಗೆ ಊಟ ಬಡಿಸಿದಂತೆ. ಬೆಂಜೊಯೇಟ್ ಇರುವ ಜೆಲ್ಲಿಗೆ ವಿಟಮಿನ್ ಸಿ ಸೇರಿಸಲೇಬೇಡಿ. ಎರಡೂ ಸೇರಿ ಬೆಂಜೀನ್ ಎಂಬ ಕ್ಯಾನ್ಸರ್‌ಕಾರಕ ಉಂಟಾಗಬಹುದು.

ಈ ಅಳತೆ ಎಣ್ಣೆಯಿರುವ ಲೋಷನ್‌ಗೆ ಹೊಂದುವುದಿಲ್ಲ. ಅಲ್ಲಿ ಫಿನಾಕ್ಸಿಎಥೆನಾಲ್‌ನ ಒಂದು ಪಾಲು ಎಣ್ಣೆಗೂ ಅದನ್ನು ನೀರಿನೊಡನೆ ಬೆರೆಸುವ ಎಮಲ್ಸಿಫೈಯರ್‌ಗೂ ಸೇರಿಹೋಗುತ್ತದೆ. ಜೀವಾಣುಗಳಿರುವುದು ನೀರಿನಲ್ಲಿ, ಆ ನೀರಿಗೆ ರಕ್ಷಣೆ ಕಡಿಮೆಯಾಗುತ್ತದೆ.

## ಹಂತ 6: ಪಿಎಚ್ ಇಳಿಸುವುದು

ಹೆಚ್ಚಿನ ಸಂಘಗಳ ಜೆಲ್ ಕೆಡುವುದು ಈ ಹಂತದಲ್ಲಿ. ಪ್ರಿಸರ್ವೇಟಿವ್ ಹಾಕಿರುತ್ತಾರೆ, ಸರಿಯಾಗಿ ತೂಗಿಯೂ ಇರುತ್ತಾರೆ, ಪಿಎಚ್ ನೋಡಿರುವುದಿಲ್ಲ.

ಬೆಂಜೊಯೇಟ್ ನೀರಿನಲ್ಲಿ ಎರಡು ರೂಪದಲ್ಲಿರುತ್ತದೆ: ಲವಣ ಮತ್ತು ಆಮ್ಲ. ಜೀವಕೋಶದ ಗೋಡೆ ದಾಟಿ ಕೊಲ್ಲುವುದು ಆಮ್ಲರೂಪ ಮಾತ್ರ. ಪಿಎಚ್ 6ರಲ್ಲಿ ಹಾಕಿದ ನೂರು ಪಾಲಿನಲ್ಲಿ ಎರಡು ಪಾಲೂ ಆಮ್ಲವಾಗಿರುವುದಿಲ್ಲ. 5ರಲ್ಲಿ ಸುಮಾರು 14 ಪಾಲು, 4.8ರಲ್ಲಿ 20 ಪಾಲು. ಸಾರ್ಬೇಟ್ ಸ್ವಲ್ಪ ಉದಾರಿ: 6ರಲ್ಲಿ ಐದು ಪಾಲು, 5ರಲ್ಲಿ 36. ನಿಮ್ಮ ಪ್ರಿಸರ್ವೇಟಿವ್ ಇದೆಯೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ಪಿಎಚ್.

ಗುರಿ 4.7ರಿಂದ 5.0. ಮೀಟರನ್ನು ಅಂದೇ 7 ಮತ್ತು 4ರ ಬಫರ್‌ನಲ್ಲಿ ಸರಿಹೊಂದಿಸಿ. ಸಿಟ್ರಿಕ್ ದ್ರಾವಣವನ್ನು ಮೊದಲು 5 ಗ್ರಾಂ, ಆಮೇಲೆ ಒಂದೊಂದೇ ಗ್ರಾಂ ಹಾಕಿ, ಪ್ರತಿ ಸಲ ಎರಡು ನಿಮಿಷ ತಿರುವಿ, ಆಮೇಲೆ ಅಳೆಯಿರಿ. ಪಿಎಚ್ ಪಟ್ಟಿಯಾದರೆ ಜೆಲ್ ಅದಕ್ಕೆ ಅಂಟಿಕೊಂಡು ಬಣ್ಣ ತಿಳಿಯುವುದಿಲ್ಲ. ಒಂದು ಪಾಲು ಜೆಲ್ಲಿಗೆ ಒಂಬತ್ತು ಪಾಲು ಡಿಸ್ಟಿಲ್ಡ್ ವಾಟರ್ ಸೇರಿಸಿ, ಅದರಲ್ಲಿ ಅದ್ದಿ ನೋಡಿ.

ಆ್ಯಸಿಡ್ ಪುಡಿಯನ್ನು ನೇರ ಸುರಿದರೆ ಅದು ಬಿದ್ದ ಕಡೆ ಬೆಂಜೊಯಿಕ್ ಆಮ್ಲ ಬಿಳಿ ಚೂರಾಗಿ ಹೊರಬರುತ್ತದೆ. ಮತ್ತೆ ಕರಗಿಸುವುದು ಕಷ್ಟ. ಪಿಎಚ್ 4.5ರ ಕೆಳಗೆ ಹೋದರೆ ನಾಲ್ಕೈದು ದಿನದ ಮೇಲೆ ಬಾಟಲಿಯಲ್ಲಿ ಸೂಜಿಯಂಥ ಹರಳು ಕಾಣಬಹುದು, ಸೂಕ್ಷ್ಮ ಚರ್ಮದವರಿಗೆ ಚುರುಗುಟ್ಟುತ್ತದೆ. ನಿಂಬೆರಸ ಬೇಡ: ಅದರ ಹುಳಿ ಹಣ್ಣಿನಿಂದ ಹಣ್ಣಿಗೆ ಬೇರೆ, ಜೊತೆಗೆ ಸಕ್ಕರೆ ಮತ್ತು ತಿರುಳು ಸೇರುತ್ತವೆ.

ಪಿಎಚ್ ಸರಿಯಾದ ಮೇಲೆ ಉಳಿದ ಕುದಿಸಿದ ನೀರಿನಿಂದ ಒಟ್ಟು ತೂಕವನ್ನು 1000 ಗ್ರಾಂಗೆ ತನ್ನಿ. ಮುಚ್ಚಿ ಒಂದು ರಾತ್ರಿ ಬಿಡಿ. ಗಾಳಿಗುಳ್ಳೆ ಏರಿ ಹೋಗುತ್ತದೆ. ಬೆಳಿಗ್ಗೆ ಮತ್ತೊಮ್ಮೆ ಅಳೆಯಿರಿ. 5ರ ಮೇಲೆ ಏರಿದ್ದರೆ ಮತ್ತೆ ಸರಿಪಡಿಸಿ, ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆಯಿರಿ.

## ಹಂತ 7: ತುಂಬುವುದು

ಜೆಲ್ ಪೂರ್ತಿ ಕೋಣೆಯ ತಾಪಕ್ಕೆ ಬಂದಿರಬೇಕು. ಬೆಚ್ಚಗಿರುವಾಗ ತುಂಬಿ ಮುಚ್ಚಿದರೆ ಆವಿ ಏರಿ ಮುಚ್ಚಳದ ಒಳಗೆ ಹನಿಯಾಗುತ್ತದೆ. ಆ ಹನಿಯಲ್ಲಿ ಪ್ರಿಸರ್ವೇಟಿವ್ ಇಲ್ಲ, ಬರಿ ನೀರು. ಬೂಷ್ಟು ಮೊದಲು ಮುಚ್ಚಳದಲ್ಲೇ ಏಕೆ ಬರುತ್ತದೆ ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ.

ಅಗಲ ಬಾಯಿಯ ಡಬ್ಬಿಗಿಂತ ಪಂಪು, ಟ್ಯೂಬು ಲೇಸು. ಡಬ್ಬಿಯಲ್ಲಿ ದಿನಕ್ಕೆ ನಾಲ್ಕು ಸಲ ಮನೆಮಂದಿಯ ಬೆರಳು ಅದ್ದುತ್ತದೆ. ಹಳೆ ಬಾಟಲಿ ತೊಳೆದು ತುಂಬಿಕೊಡುವುದು, ಹಿಂದಿನ ಬ್ಯಾಚಿನ ಉಳಿಕೆಯ ಮೇಲೆ ಹೊಸದನ್ನು ಸುರಿಯುವುದು ಎರಡೂ ಬೇಡ. ಪಂಪಿನ ಕೊಳವೆಯೊಳಗೆ ಬ್ರಷ್ ಹೋಗುವುದಿಲ್ಲ, ಅಲ್ಲಿ ಉಳಿದ ಜೀವಾಣು ಹೊಸ ಬ್ಯಾಚನ್ನು ಕೆಡಿಸುತ್ತದೆ. 50 ಅಥವಾ 100 ಗ್ರಾಮಿನ ಚಿಕ್ಕ ಬಾಟಲಿ ಮಾಡಿ, ತೆರೆದ ಮೇಲೆ ಬೇಗ ಮುಗಿಯಲಿ.

## ಹಂತ 8: ಪರೀಕ್ಷೆ

ಪ್ರತಿ ಬ್ಯಾಚಿನಿಂದ ಮೂರು ಬಾಟಲಿ ತೆಗೆದಿಡಿ. ಒಂದನ್ನು ಮುಚ್ಚಿದಂತೆಯೇ ಕಪಾಟಿನಲ್ಲಿಟ್ಟು, ಅವಧಿ ಮುಗಿಯುವವರೆಗೂ ಕಾಪಾಡಿ. ಎರಡನೆಯದನ್ನು ತೆರೆದು ದಿನವೂ ಯಾರಾದರೂ ಬಳಸಲಿ. ಮೂರನೆಯದು ಬಿಸಿ ಜಾಗದಲ್ಲಿರಲಿ, ಸುಮಾರು 40 ಡಿಗ್ರಿ. ವಾರಕ್ಕೊಮ್ಮೆ ಬಣ್ಣ, ವಾಸನೆ, ಹದ, ಪಿಎಚ್ ಬರೆದಿಡಿ.

ಕೆಟ್ಟಿದೆ ಎನ್ನುವ ಲಕ್ಷಣಗಳು: ಜೆಲ್ ತೆಳ್ಳಗಾಗುವುದು, ಪಿಎಚ್ ಅರ್ಧ ಅಂಕ (0.5) ಏರುವುದು ಅಥವಾ ಇಳಿಯುವುದು, ಬಾಟಲಿ ಉಬ್ಬುವುದು, ತೆರೆದಾಗ ಪುಸ್ ಎನ್ನುವುದು, ಹುಳಿ ಅಥವಾ ಒದ್ದೆ ಮಣ್ಣಿನ ವಾಸನೆ, ಗುಲಾಬಿ, ಹಸಿರು ಅಥವಾ ಕಪ್ಪು ಚುಕ್ಕೆ. ಒಂದು ಕಂಡರೂ ಇಡೀ ಬ್ಯಾಚ್ ಹೋಯಿತೆಂದೇ ತಿಳಿಯಿರಿ. ಮೇಲಿನ ಬೂಷ್ಟು ತೆಗೆದು ಕೆಳಗಿನದನ್ನು ಮಾರುವುದು, ಮತ್ತೆ ಕುದಿಸುವುದು, ಇನ್ನಷ್ಟು ಪ್ರಿಸರ್ವೇಟಿವ್ ಹಾಕುವುದು ಯಾವುದೂ ಸಲ್ಲ. ಜೀವಾಣು ಸತ್ತರೂ ಅದು ಬಿಟ್ಟ ವಿಷ ಉಳಿಯುತ್ತದೆ.

ಡಿಪ್ ಸ್ಲೈಡ್ ಎಂಬ ಸುಲಭ ಸಾಧನವಿದೆ. ಎರಡು ಬದಿಗೂ ಜೀವಾಣು ಬೆಳೆಯಲು ಬೇಕಾದ ಆಹಾರದ ಪದರವಿರುವ ಪಟ್ಟಿ ಅದು. ಜೆಲ್ಲಿಗೆ ತಾಗಿಸಿ, ಕೊಳವೆಯಲ್ಲಿ ಮುಚ್ಚಿ, 30 ಡಿಗ್ರಿಯ ಆಸುಪಾಸಿನಲ್ಲಿ ಮೂರರಿಂದ ಐದು ದಿನ ಇಟ್ಟು, ಚುಕ್ಕೆ ಎದ್ದಿವೆಯೇ ನೋಡುವುದು. ಒಂದು ಮಿತಿ ನೆನಪಿರಲಿ: ಸಾಮಾನ್ಯವಾಗಿ ಮಿಲೀಗೆ ಸಾವಿರಕ್ಕಿಂತ ಕಡಿಮೆ ಇದ್ದರೆ ಅದು ತೋರಿಸುವುದಿಲ್ಲ. ಜೊತೆಗೆ ಜೆಲ್ಲಿನ ಪ್ರಿಸರ್ವೇಟಿವ್ ಪಟ್ಟಿಯ ಮೇಲೂ ಜೀವಾಣುವನ್ನು ತಡೆಹಿಡಿಯಬಹುದು. ಚುಕ್ಕೆ ಎದ್ದರೆ ಬ್ಯಾಚ್ ಎಸೆಯಿರಿ, ಏಳದಿದ್ದರೆ ಅದೊಂದನ್ನೇ ನಂಬಿ ಮಾರಬೇಡಿ. ಬಳಸಿದ ಪಟ್ಟಿಯನ್ನು ಬ್ಲೀಚಿನಲ್ಲಿ ಮುಳುಗಿಸಿ ಎಸೆಯಿರಿ.

ಮಾರಾಟಕ್ಕೆ ಮುನ್ನ ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ಮಂಡಳಿ) ಮಾನ್ಯತೆಯ ಪ್ರಯೋಗಾಲಯದಲ್ಲಿ ಭಾರತೀಯ ಮಾನದಂಡ ಐಎಸ್ 14648ರ ಪ್ರಕಾರ ಸೂಕ್ಷ್ಮಜೀವಿ ಪರೀಕ್ಷೆ ಮಾಡಿಸಿ. ಒಟ್ಟು ಬ್ಯಾಕ್ಟೀರಿಯಾ, ಯೀಸ್ಟ್ ಮತ್ತು ಬೂಷ್ಟಿನ ಎಣಿಕೆಯ ಜೊತೆಗೆ ಇ. ಕೋಲೈ, ಸೂಡೊಮೊನಾಸ್, ಸ್ಟ್ಯಾಫಿಲೋಕಾಕಸ್, ಕ್ಯಾಂಡಿಡಾ ಇಲ್ಲವೆಂಬ ವರದಿಯನ್ನೂ ಕೇಳಿ. ಹೊಸ ಸೂತ್ರಕ್ಕೆ ಒಮ್ಮೆ ಚಾಲೆಂಜ್ ಟೆಸ್ಟ್ ಆಗಲೇಬೇಕು: ಬೇಕೆಂದೇ ಜೀವಾಣು ಬೆರೆಸಿ, 28 ದಿನ ಪ್ರಿಸರ್ವೇಟಿವ್ ತಡೆಯುತ್ತದೆಯೇ ನೋಡುವ ಪರೀಕ್ಷೆ. ಖರ್ಚು ಹೆಚ್ಚು. ಒಕ್ಕೂಟದ ಐದಾರು ಸಂಘಗಳು ಒಂದೇ ಸೂತ್ರ ಇಟ್ಟುಕೊಂಡು ಖರ್ಚು ಹಂಚಿಕೊಂಡರೆ ನಿಭಾಯಿಸಬಹುದು.

## ಹಂತ 9: ಲೈಸೆನ್ಸ್, ಲೇಬಲ್

ಸೌಂದರ್ಯವರ್ಧಕ ನಿಯಮಗಳು 2020ರ ಪ್ರಕಾರ ಮಾರಾಟಕ್ಕಾಗಿ ತಯಾರಿಸಲು ರಾಜ್ಯದ ಔಷಧ ನಿಯಂತ್ರಣ ಅಧಿಕಾರಿಗಳ ಲೈಸೆನ್ಸ್ ಬೇಕು. ಅದಿಲ್ಲದೆ ಸಂತೆಯಲ್ಲಿ ಮಾರುವುದೂ ಅಪರಾಧವೇ. ಸ್ವಂತ ಘಟಕ ಕಟ್ಟಲಾಗದಿದ್ದರೆ, ಲೈಸೆನ್ಸ್ ಇರುವ ಬೇರೆಯವರ ಘಟಕದಲ್ಲಿ ತಯಾರಿಸುವ ಲೋನ್ ಲೈಸೆನ್ಸ್ ದಾರಿಯಿದೆ. ಬಾಟಲಿಯ ಮೇಲೆ ಬ್ಯಾಚ್ ಸಂಖ್ಯೆ, ಬಳಸಬೇಕಾದ ಕೊನೆಯ ದಿನ, ಸಾಮಗ್ರಿಗಳ ಪಟ್ಟಿ, ವಿಳಾಸ ಇರಲಿ. ಜೊತೆಗೆ ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ: "ಕಣ್ಣಿಗೆ, ಗಾಯಕ್ಕೆ, ಸುಟ್ಟ ಜಾಗಕ್ಕೆ, ಮೂರು ವರ್ಷದೊಳಗಿನ ಮಕ್ಕಳಿಗೆ ಹಚ್ಚಬೇಡಿ." ಸುಟ್ಟಗಾಯಕ್ಕೆ ಲೋಳೆಸರ ಹಚ್ಚುವ ರೂಢಿ ನಮ್ಮಲ್ಲಿ ಮನೆಮನೆಯಲ್ಲೂ ಇರುವುದರಿಂದ ಮಾರುವಾಗ ಬಾಯಿಮಾತಿನಲ್ಲೂ ಹೇಳಿ. ಸುಟ್ಟ ಚರ್ಮಕ್ಕೆ ಸೂಡೊಮೊನಾಸ್ ಬಹು ಬೇಗ ಹತ್ತುತ್ತದೆ.

## ಹಂತ 10: ಯಾರಿಗಾದರೂ ತೊಂದರೆಯಾದರೆ

ಮೊದಲು ಹಚ್ಚುವುದನ್ನು ನಿಲ್ಲಿಸಿ, ಶುದ್ಧ ನೀರಿನಲ್ಲಿ ತೊಳೆಯಿರಿ. ಹಚ್ಚಿದ ಜಾಗದಲ್ಲಷ್ಟೇ ನವೆ, ಕೆಂಪು ಇದ್ದರೆ ಬಹುಶಃ ಅಲರ್ಜಿ. ಎರಡು ಮೂರು ದಿನದಲ್ಲಿ ಇಳಿಯದಿದ್ದರೆ ವೈದ್ಯರಿಗೆ ತೋರಿಸಿ. ಕೀವು, ಮುಟ್ಟಿದರೆ ಬಿಸಿ, ಹರಡುತ್ತಿರುವ ಕೆಂಪು, ನೋವು, ಜ್ವರ ಇದ್ದರೆ ಸೋಂಕು, ಕಾಯಬಾರದು. ಸಕ್ಕರೆ ಕಾಯಿಲೆಯವರು, ಹಸುಗೂಸು, ಬಾಣಂತಿ, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಸಣ್ಣ ಲಕ್ಷಣಕ್ಕೂ ಅಂದೇ ಹೋಗಬೇಕು.

ಕಣ್ಣಿನ ವಿಷಯದಲ್ಲಿ ಒಂದು ದಿನವೂ ತಡ ಮಾಡುವಂತಿಲ್ಲ. ನೋವು, ಬೆಳಕು ನೋಡಲಾಗದಿರುವುದು, ಮಬ್ಬು, ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ, ಇವುಗಳಲ್ಲಿ ಯಾವುದಿದ್ದರೂ ಅಂದೇ ಕಣ್ಣಿನ ವೈದ್ಯರು ನೋಡಬೇಕು. ಸೂಡೊಮೊನಾಸ್ ಸೋಂಕು ಒಂದೆರಡು ದಿನದಲ್ಲೇ ಕಣ್ಣಿನ ಪಾರದರ್ಶಕ ಪದರವನ್ನು ಕೊರೆದುಹಾಕಬಲ್ಲದು. ಎದೆಹಾಲು, ಹರಳೆಣ್ಣೆ, ಜೇನು ಬಿಡಬೇಡಿ. ಬಟ್ಟೆ ಕಟ್ಟಬೇಡಿ. ಮನೆಯಲ್ಲಿ ಉಳಿದ ಹಳೆಯ ಕಣ್ಣಿನ ಡ್ರಾಪ್ಸ್ ಹಾಕಬೇಡಿ.

ದುಡ್ಡು ಉಳಿಸಲು ನೇರ ಮೆಡಿಕಲ್ ಶಾಪಿಗೆ ಹೋಗಿ "ಕೆರೆತಕ್ಕೊಂದು ಟ್ಯೂಬು ಕೊಡಿ" ಎನ್ನುವುದು ಅತಿ ದೊಡ್ಡ ತಪ್ಪು. ಹೀಗೆ ಸಿಗುವ ಎಷ್ಟೋ ಟ್ಯೂಬುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಎರಡು ದಿನ ಕೆಂಪು ಇಳಿದು ವಾಸಿಯಾದಂತೆ ಕಾಣುತ್ತದೆ, ಒಳಗೆ ಸೋಂಕು ಹರಡುತ್ತಿರುತ್ತದೆ. ಹುಳುಕಡ್ಡಿಗೆ ಹಚ್ಚಿದರೆ ಅದು ರೂಪ ಬದಲಿಸಿ ವೈದ್ಯರಿಗೂ ಗುರುತು ಸಿಗದಂತಾಗುತ್ತದೆ. ಕೊನೆಗೆ ತಿಂಗಳುಗಟ್ಟಲೆ ಮಾತ್ರೆ ನುಂಗಬೇಕಾಗುತ್ತದೆ.

## ಹಂತ 11: ಕಡಿಮೆ ಖರ್ಚಿನಲ್ಲಿ ಚಿಕಿತ್ಸೆ ಪಡೆಯುವ ಕ್ರಮ

1. ಚರ್ಮದ ತೊಂದರೆ: ಹಳ್ಳಿಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರ, ಪಟ್ಟಣದಲ್ಲಿ ನಮ್ಮ ಕ್ಲಿನಿಕ್. ಬೆಳಿಗ್ಗೆಯೇ ಹೋಗಿ. ಮಧ್ಯಾಹ್ನ ಹೋದರೆ, ಮುಂದಿನ ಆಸ್ಪತ್ರೆಗೆ ಬರೆದುಕೊಟ್ಟಾಗ ಅಲ್ಲಿನ ಹೊರರೋಗಿ ವಿಭಾಗ ಮುಚ್ಚಿರುತ್ತದೆ, ಎರಡನೇ ದಿನದ ಕೂಲಿಯೂ ಹೋಗುತ್ತದೆ. ಹೋಗಲಾಗದಿದ್ದರೆ ಸರ್ಕಾರದ ಇ-ಸಂಜೀವಿನಿಯಲ್ಲಿ ಉಚಿತವಾಗಿ ವೈದ್ಯರೊಡನೆ ಮಾತನಾಡಬಹುದು. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ದಾರಿ ತೋರಿಸುತ್ತಾರೆ.

2. ಕಣ್ಣಿನ ತೊಂದರೆ: ನೇರ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆ. ಕಣ್ಣಿನ ವೈದ್ಯರು ಅಂದು ಇರುತ್ತಾರೆಯೇ ಎಂದು ಹೊರಡುವ ಮುನ್ನ ಫೋನು ಮಾಡಿ ಕೇಳಿ. ಬೆಂಗಳೂರಿನವರಿಗೆ ಮಿಂಟೋ ಸರ್ಕಾರಿ ಕಣ್ಣಿನ ಆಸ್ಪತ್ರೆ ಇದೆ. ಜ್ವರ ಹೆಚ್ಚಿ ಮಂಪರು ಬಂದರೆ 108ಕ್ಕೆ ಕರೆ ಮಾಡಿ.

3. ಜೊತೆಯಲ್ಲಿ ಒಯ್ಯಬೇಕಾದದ್ದು: ರೇಷನ್ ಕಾರ್ಡ್, ಆಧಾರ್, ಹಿಂದಿನ ಚೀಟಿಗಳು, ಈಗಾಗಲೇ ಹಚ್ಚಿದ ಟ್ಯೂಬುಗಳು ಮತ್ತು ಆ ಜೆಲ್ ಬಾಟಲಿ. ಬಾಟಲಿಯನ್ನು ತೊಳೆಯದೆ, ಮುಚ್ಚಿ, ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಒಯ್ಯಿರಿ. ಕೀವಿನ ಪರೀಕ್ಷೆ ಮಾಡುವುದಾದರೆ ಜೆಲ್ಲಿನ ಪರೀಕ್ಷೆಯೂ ಜೊತೆಗೇ ಆಗಬಹುದು. ಮನಸ್ಸಿಗೆ ಬಂದ ಆ್ಯಂಟಿಬಯಾಟಿಕ್ ನುಂಗಿ ಹೋದರೆ ಕೀವಿನಲ್ಲಿ ಜೀವಾಣು ಬೆಳೆಯದೆ ಪರೀಕ್ಷೆ ದಾರಿ ತಪ್ಪುತ್ತದೆ.

4. ಕಾರ್ಡು ಎಲ್ಲಿ ನಡೆಯುತ್ತದೆ: ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕುಟುಂಬಕ್ಕಾದರೆ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಯೋಜನೆ ಗೊತ್ತುಮಾಡಿದ ದರ) ಶೇ. 30ನ್ನು ಸರ್ಕಾರ ಕೊಡುತ್ತದೆ, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಖಾಸಗಿ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಚೀಟಿ ಬರೆಸಿ ಔಷಧಿ ಕೊಳ್ಳುವ ಖರ್ಚಿಗೆ ಕಾರ್ಡು ನಡೆಯುವುದಿಲ್ಲ, ಹಲವರು ಎಡವುವುದು ಇಲ್ಲೇ. ತುರ್ತು ಸ್ಥಿತಿ ಬಿಟ್ಟರೆ, ಯೋಜನೆಗೆ ಸೇರಿದ ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ಮೊದಲು ದಾಖಲಾಗಿ ಆಮೇಲೆ ಪತ್ರ ತರುತ್ತೇವೆ ಎಂದರೆ ಹಣ ಕೈಯಿಂದ ಕಟ್ಟಬೇಕಾದೀತು. ಆಸ್ಪತ್ರೆಯಲ್ಲಿ ಆರೋಗ್ಯ ಮಿತ್ರರ (ಯೋಜನೆಯ ಸಹಾಯಕ ಸಿಬ್ಬಂದಿ) ಕೌಂಟರ್ ಎಲ್ಲಿದೆ ಎಂದು ಒಳಗೆ ಹೋದ ಕೂಡಲೇ ಕೇಳಿ. ಯೋಜನೆಯ ಸಹಾಯವಾಣಿ 14555.

5. ಔಷಧಿ: ಆಸ್ಪತ್ರೆಯಲ್ಲಿ ದಾಸ್ತಾನು ಇಲ್ಲವೆಂದರೆ ಚೀಟಿಯಲ್ಲಿ ಔಷಧಿಯ ಮೂಲ ಹೆಸರು ಬರೆಸಿಕೊಂಡು ಜನೌಷಧಿ ಕೇಂದ್ರದಲ್ಲಿ ಕೇಳಿ. ಬರೆದಷ್ಟು ದಿನವೂ ತೆಗೆದುಕೊಳ್ಳಿ.

ಇತ್ತ ಸಂಘದವರು ಅದೇ ದಿನ ನೋಟ್‌ಬುಕ್ ತೆರೆದು, ಆ ಬ್ಯಾಚ್ ಸಂಖ್ಯೆಯ ಬಾಟಲಿ ಯಾರ್ಯಾರ ಮನೆಗೆ ಹೋಗಿದೆ ನೋಡಿ, ಫೋನು ಮಾಡಿ ಬಳಕೆ ನಿಲ್ಲಿಸಲು ಹೇಳಿ, ಬಾಟಲಿ ವಾಪಸ್ ತಂದು ಹಣ ಕೊಡಬೇಕು. ಕಪಾಟಿನಲ್ಲಿ ಮುಚ್ಚಿಟ್ಟ ಅದೇ ಬ್ಯಾಚಿನ ಬಾಟಲಿಯನ್ನು ಪ್ರಯೋಗಾಲಯಕ್ಕೆ ಕಳಿಸಿ. ಮುಚ್ಚಿದ ಬಾಟಲಿಯಲ್ಲೂ ಜೀವಾಣು ಸಿಕ್ಕರೆ ತಪ್ಪು ತಯಾರಿಕೆಯಲ್ಲಿ ಆಗಿದೆ: ಹಂತ 3ರಿಂದ 7ರವರೆಗೆ ಒಂದೊಂದನ್ನೂ ಮತ್ತೆ ಪರಿಶೀಲಿಸಿ. ತೆರೆದು ಬಳಸಿದ ಬಾಟಲಿಯಲ್ಲಿ ಮಾತ್ರ ಸಿಕ್ಕರೆ ಪ್ರಿಸರ್ವೇಟಿವ್ ಬಳಕೆಯ ಒತ್ತಡ ತಡೆಯುತ್ತಿಲ್ಲ: ಮೊದಲು ಅದರ ಪಿಎಚ್ ಅಳೆಯಿರಿ, ಆಮೇಲೆ ಬಾಟಲಿಯ ಪಂಪು ನೋಡಿ.